ನಾಟಿ ಕಾಲದ ಹಾಜರಿ

ನಮ್ಮ ಓಣಿಯ ಸುಜಾತಾಳಿಗೆ ಹೋದ ತಿಂಗಳು ಹೈಸ್ಕೂಲು ಟೀಚರ್ ನೌಕರಿಯ ಆದೇಶ ಬಂತು. ಪೇಡೆಯ ಡಬ್ಬಿ ಹಿಡಿದುಕೊಂಡು ಲಿಂಗಸುಗೂರಿನ ನಮ್ಮ ಮನೆಗೆ ಬಂದಳು, ಕಾಲಿಗೆ ಬಿದ್ದಳು. ಆಮೇಲೆ ಎದ್ದು ಕುಳಿತು, "ಅಕ್ಕೋರೆ, ಮೊದಲ್ನೇ ದಿನ ಕ್ಲಾಸಿಗೆ ಹೋಗಿ ಏನ್ ಮಾಡ್ಬೇಕ್ರಿ?" ಎಂದು ಕೇಳಿದಳು. ನಮ್ಮ ಕಡೆ ಹೆಣ್ಣು ಶಿಕ್ಷಕರಿಗೆ ಅಕ್ಕೋರು ಎನ್ನುತ್ತಾರೆ, ನಿವೃತ್ತಿಯಾದ ಮೇಲೂ ಆ ಹೆಸರು ಬಿಡುವುದಿಲ್ಲ. ನಾನು, "ಹಾಜರಿ ಹಾಕೋ ಮುಂದ ತಲಿ ಎತ್ತಿ ಹುಡುಗ್ರ ಮಾರಿ ನೋಡು" ಎಂದೆ. ಅವಳು ನಕ್ಕಳು. ಬಿ.ಎಡ್. ಮುಗಿಸಿ ಬಂದ ಹುಡುಗಿಗೆ ಇದೊಂದು ಪಾಠವೇ ಎಂದು ಅನ್ನಿಸಿರಬೇಕು. ಅರವತ್ತಕ್ಕೆ ಅರಳು ಮರಳು ಎಂದುಕೊಂಡಳೋ ಏನೋ. ಅವಳಿಗೂ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಆ ಮಾತಿನ ಹಿಂದಿನದನ್ನು ಹೇಳಬೇಕೆಂದು ಬರೆಯಲು ಕುಳಿತಿದ್ದೇನೆ.

ನಾನು ಗಣಿತದ ಶಿಕ್ಷಕಿ. ಗಣಿತ ಕಲಿಸುವವರಿಗೆ ಒಂದು ರೋಗವಿರುತ್ತದೆ. ಉತ್ತರ ಸರಿ, ಇಲ್ಲವೇ ತಪ್ಪು, ನಡುವೆ ಏನೂ ಇಲ್ಲ ಎಂದು ನಂಬಿಬಿಟ್ಟಿರುತ್ತೇವೆ. ನನಗೆ ಆ ರೋಗ ಹುಟ್ಟಿನಿಂದಲೇ ಇತ್ತು. ಸಾಲದ್ದಕ್ಕೆ ಮೂಗಿನ ತುದಿಯಲ್ಲಿ ಸಿಟ್ಟು.

ಮೊದಲ ನೇಮಕ ಮಸ್ಕಿ ಕಡೆಯ ಒಂದು ಹಳ್ಳಿಗೆ. ಮಳೆ ನಂಬಿದ ಭೂಮಿ, ಹತ್ತಿ, ತೊಗರಿ. ಹತ್ತಿ ಒಡೆದಾಗ ಅಲ್ಲಿಯ ಮಕ್ಕಳು ಸಂಜೆ ಸಾಲಾಗಿ ನಿಂತು, "ನಾಳೆ ಹತ್ತಿ ಬಿಡಸಾಕ ಹೊಕ್ಕೀವ್ರಿ, ಬರಂಗಿಲ್ರಿ" ಎಂದು ಹೇಳಿಯೇ ಹೋಗುತ್ತಿದ್ದರು. ನಾಲ್ಕು ದಿನ ಬಿಟ್ಟು ಬಂದಾಗ ಕೂದಲಲ್ಲಿ ಹತ್ತಿಯ ಎಳೆ ಇರುತ್ತಿತ್ತು. ಬಾರದವರು ಬಂದಿಲ್ಲ, ಬಂದವರು ಬಂದಿದ್ದಾರೆ. ರಿಜಿಸ್ಟರು ಸ್ವಚ್ಛ, ನನ್ನ ಮನಸ್ಸೂ ಸ್ವಚ್ಛ. ಶಾಲೆ ಎಂದರೆ ಎಲ್ಲ ಕಡೆಯೂ ಹೀಗೆಯೇ ಎಂದು ನಾನು ತಿಳಿದಿದ್ದೆ.

ಕೆಲವು ವರ್ಷಗಳ ನಂತರ ಸಿಂಧನೂರು ತಾಲ್ಲೂಕಿಗೆ ವರ್ಗವಾಯಿತು. ಜವಳಗೇರಾ ಕಡೆ ಹೋಗುವ ಬಸ್ಸಿನಿಂದ ಇಳಿದು, ಕಾಲುವೆಯ ದಂಡೆಗುಂಟ ನಡೆದು ಹೋಗಬೇಕಾದ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬರೆಯುವುದಿಲ್ಲ, ಈಗ ಅಲ್ಲಿರುವವರಿಗೆ ಯಾಕೆ ಮುಜುಗರ. ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಒಣಭೂಮಿಯಿಂದ ಹೋದ ನನಗೆ ಆ ಹಸಿರನ್ನು ನೋಡಿ ಮೊದಲ ವಾರ ಹೊಟ್ಟೆಕಿಚ್ಚೇ ಬಂದಿತ್ತು.

ಆ ಶಾಲೆ ಹುಟ್ಟಿದ್ದು ಗೊಬ್ಬರದ ಗೋದಾಮಿನಲ್ಲಿ. ಮೊದಲ ವರ್ಷದ ಮಕ್ಕಳು ಯೂರಿಯಾ ಚೀಲಗಳ ಮೇಲೆ ಕುಳಿತೇ ಪಾಠ ಕೇಳಿದರಂತೆ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕಣ್ಣಲ್ಲೂ ನೀರು. ಆಮೇಲೆ ಊರಿನ ಒಬ್ಬ ರೈತರು ಜಾಗ ಕೊಟ್ಟರು, ಬಾಯಿಮಾತಿನ ಒಂದು ಶರತ್ತಿನ ಮೇಲೆ. ಸುಗ್ಗಿಯಲ್ಲಿ ಭತ್ತ ಒಣಹಾಕಲು ಆಟದ ಮೈದಾನವನ್ನು ಊರಿಗೆ ಬಿಡಬೇಕು. ಯಾವ ಕಾಗದದಲ್ಲೂ ಅದು ಇರಲಿಲ್ಲ, ಆದರೆ ಯಾವ ಮುಖ್ಯಗುರುಗಳೂ ಅದನ್ನು ಮೀರಲಿಲ್ಲ. ಆ ಹದಿನೈದು ದಿನ ಮಕ್ಕಳು ಸಾಲಾಗಿ ನಡೆಯುತ್ತ ಕಾಲಿನಿಂದ ಭತ್ತ ತಿರುವುತ್ತಿದ್ದರು, ನಮ್ಮ ಪಿ.ಟಿ. ಮಾಸ್ತರರು ಅದನ್ನೇ ಡ್ರಿಲ್ ಎಂದು ಹಿಡಿಯುತ್ತಿದ್ದರು. ಗಂಟೆಯೆಂದರೆ ಟ್ರ್ಯಾಕ್ಟರಿನ ಹಳೆಯ ಕಬ್ಬಿಣದ ತಟ್ಟೆ. ಬಾರಿಸಿದರೆ ಎರಡು ಕ್ಯಾಂಪಿಗೆ ಕೇಳುತ್ತಿತ್ತು. ಆಂಧ್ರದಿಂದ ಬಂದು ನೆಲೆಸಿದವರ ಆ ಕ್ಯಾಂಪುಗಳ ಮಕ್ಕಳು ಲೆಕ್ಕವನ್ನು ಕನ್ನಡದಲ್ಲಿ ಕೇಳಿ, ಮನಸ್ಸಿನಲ್ಲಿ ತೆಲುಗಿನಲ್ಲಿ ಕೂಡಿ, ಉತ್ತರ ಕನ್ನಡದಲ್ಲಿ ಹೇಳುತ್ತಿದ್ದರು. ತಪ್ಪುತ್ತಿದ್ದದ್ದು ಕಡಿಮೆ.

ಮುಖ್ಯಗುರುಗಳು ಶರಣಪ್ಪ ಸರ್. ಹಣೆಗೆ ವಿಭೂತಿ, ಬಾಯಲ್ಲಿ ಅಡಿಕೆ, ಮಾತು ಕಮ್ಮಿ. ಅವರು ಸಿಟ್ಟಿನಿಂದ ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರ ಕೋಣೆಯ ಗೋಡೆಯ ಮೇಲೆ ವೇಳಾಪಟ್ಟಿಯ ಪಕ್ಕದಲ್ಲೇ ಕಾಲುವೆಗೆ ನೀರು ಬಿಡುವ ತಾರೀಕು ಬರೆದ ಚೀಟಿ ಅಂಟಿಸಿರುತ್ತಿತ್ತು. ನಾನು ಅದನ್ನು ನೋಡಿ ಇವರದ್ದೂ ಗದ್ದೆ ಇರಬೇಕು ಎಂದುಕೊಂಡೆ. ನನಗೆ ಹತ್ತನೆಯ ತರಗತಿ ಒಪ್ಪಿಸುವಾಗ ಅವರು ಹೇಳಿದ್ದು ಇಷ್ಟೇ: "ಡಿಸೆಂಬರ್ ಕೊನಿ ಹೊತ್ತಿಗೆ ಎರಡನೇ ಬೆಳಿ ನಾಟಿ ಶುರು ಆಕ್ಕೈತ್ರಿ ಅಕ್ಕೋರೆ. ಹುಡಿಗೇರ ಕಡೆ ಒಂಚೂರು ಲಕ್ಷ್ಯ ಇರ್ಲಿ."

ಲಕ್ಷ್ಯ ನಾನು ಇಟ್ಟದ್ದು ಪಠ್ಯಪುಸ್ತಕದ ಮೇಲೆ. ಪರೀಕ್ಷೆ ಹತ್ತಿರ, ಪಾಠ ಬೆಟ್ಟದಷ್ಟು ಉಳಿದಿದೆ, ನೆಲದ ಮೇಲೆ ಎಪ್ಪತ್ತರ ಹತ್ತಿರ ಮಕ್ಕಳು. ಹೆಸರು ಕರೆಯುತ್ತ ಕುಳಿತರೆ ಹತ್ತು ನಿಮಿಷ ಹೋಗುತ್ತದೆಂದು ನಂಬರು ಕರೆಯುತ್ತಿದ್ದೆ. ನಂಬರು ಹೇಳುವುದು, "ಹಾಜರ್ ರೀ" ಎಂಬ ದನಿ ಕೇಳಿದ ಕೂಡಲೇ ಗುರುತು ಹಾಕುವುದು. ತಲೆ ರಿಜಿಸ್ಟರಿನಲ್ಲಿ, ಪೆನ್ನು ಓಡುತ್ತಿರುತ್ತದೆ. ಮೂರು ನಿಮಿಷದಲ್ಲಿ ಹಾಜರಿ ಮುಗಿಸುತ್ತೇನೆಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಇದ್ದೆ.

ಈಗ ಹಾಜರಿ ಫೋನಿನಲ್ಲಿ. ಬೆರಳಿನಿಂದ ಮುಟ್ಟಿದರೆ ಆಯಿತು, ಮೇಲಿನ ಕಚೇರಿಗೆ ಆಗಲೇ ಹೋಗಿರುತ್ತದೆ. ನೆಟ್‌ವರ್ಕ್ ಇಲ್ಲದ ದಿನ ಶಿಕ್ಷಕರು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಲ್ಲುವುದನ್ನೂ ನೋಡಿದ್ದೇನೆ. ಅದು ಒಳ್ಳೆಯದೇ, ರಿಜಿಸ್ಟರು ತಿದ್ದುವ ಚಾಳಿ ಕಡಿಮೆಯಾಯಿತು. ಆದರೆ ಫೋನಿನಲ್ಲಿ ಮುಳುಗಿದ ತಲೆಯೂ ರಿಜಿಸ್ಟರಿನಲ್ಲಿ ಮುಳುಗಿದ ನನ್ನ ತಲೆಯೂ ಒಂದೇ ಜಾತಿಯವು.

ಜನವರಿ ಮುಗಿಯುವ ಹೊತ್ತು. ಒಂದು ಸೋಮವಾರ ಇಪ್ಪತ್ಮೂರನೆಯ ನಂಬರಿನ ಹುಡುಗಿಯನ್ನು ಬೋರ್ಡಿಗೆ ಕರೆದೆ. ರಿಜಿಸ್ಟರಿನಲ್ಲಿ ಹೆಸರು ಹುಲಿಗೆಮ್ಮ. ವರ್ಗ ಸಮೀಕರಣದ ಒಂದು ಲೆಕ್ಕವನ್ನು ಅವಳು ಎಲ್ಲೂ ನಿಲ್ಲದೆ ಬಿಡಿಸಿದಳು. ನನಗೆ ಬಹಳ ಸಂತೋಷವಾಯಿತು. ಮಂಗಳವಾರ ಉಳಿದವರಿಗೆ ತೋರಿಸಲೆಂದು ಮತ್ತೆ ಅದೇ ನಂಬರು ಕರೆದೆ. ಹುಡುಗಿ ಬಂದಳು, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಳು.

"ಯಾಕ, ನಿನ್ನಿ ಬಂದ ಲೆಕ್ಕ ಇವತ್ತ ಯಾಕ ಬರವಲ್ದು?" ಎಂದೆ.

"ನಿನ್ನಿ ಬಂದಾಕಿ ನಾ ಅಲ್ರೀ ಅಕ್ಕೋರೆ. ನಮ್ಮ ತಂಗಿ ಬಂದಿದ್ಳು" ಎಂದಳು. ಮುಚ್ಚಿಡುವ ಯಾವ ಲಕ್ಷಣವೂ ಆ ದನಿಯಲ್ಲಿ ಇರಲಿಲ್ಲ.

ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ನನಗೆ ತಿಳಿಸಿ ಹೇಳುವಂತೆ, "ಆಕಿ ದುರುಗಮ್ಮ ರೀ, ಸಣ್ಣಾಕಿ" ಎಂದಳು. ಎಪ್ಪತ್ತು ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಹುಲಿಗೆಮ್ಮನನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದೆ. ಅವಳ ತಂದೆ ಕುರಿ ಹಿಂಡಿನ ಹಿಂದೆ ಅರ್ಧ ವರ್ಷ ಊರ ಹೊರಗಿರುವವರು. ತಾಯಿ ಹನುಮವ್ವ ನಾಟಿ ಮಾಡುವ ಹೆಂಗಸರ ಗ್ಯಾಂಗಿನಲ್ಲಿದ್ದರು, ಮನೆಯಿಂದ ಎರಡು ಆಳು ಬರುತ್ತೇವೆಂದು ಮಾತು ಕೊಟ್ಟಿದ್ದರು. ಎರಡನೆಯ ಆಳು ದುರುಗಮ್ಮ. ಏಳನೆಯದು ಪಾಸಾದ ಮೇಲೆ ಅವಳ ಶಾಲೆ ನಿಂತಿತ್ತು. ನಾಟಿ ಹಚ್ಚುವವರು ದಿನವಿಡೀ ಕೆಸರಿನಲ್ಲಿ ನಿಂತಿರುತ್ತಾರೆ, ಕಾಲ್ಬೆರಳ ಸಂದಿ ಹುಣ್ಣಾಗುತ್ತದೆ. ದುರುಗಮ್ಮನ ಕಾಲು ಕೆಸರಿಗೆ ಇಡಲಾಗದಷ್ಟು ನೊಂದ ದಿನ ಅಕ್ಕ ಗದ್ದೆಗೆ ಹೋಗುತ್ತಿದ್ದಳು, ತಂಗಿ ಅಕ್ಕನ ಯೂನಿಫಾರ್ಮ್ ಹಾಕಿಕೊಂಡು ಅಕ್ಕನ ಜಾಗದಲ್ಲಿ ಬಂದು ಕೂರುತ್ತಿದ್ದಳು.

"ನಂಬರ್ ಖಾಲಿ ಬೀಳಬಾರ್ದಲ್ರಿ" ಎಂದಳು ಹುಲಿಗೆಮ್ಮ. "ಸಂಜಿಕೆ ಬಂದು ಆಕಿನ ನನಗ ಹೇಳಿಕೊಡ್ತಾಳ್ರಿ. ನಾ ಎಂಟನೇ ಕ್ಲಾಸಿನ್ಯಾಗ ಇದ್ದಾಗಿಂದ ನನ್ನ ಪುಸ್ತಕ ಎಲ್ಲಾ ಆಕಿ ಓದ್ಯಾಳ್ರಿ."

ಇದನ್ನು ಕೇಳಿ ಮನಸ್ಸು ಕರಗಬೇಕಿತ್ತು. ನನ್ನದು ಕರಗಲಿಲ್ಲ. ನನಗೆ ಕಂಡದ್ದು ನಾನು ಹಾಕಿದ ಸುಳ್ಳು ಗುರುತುಗಳು, ಎಲ್ಲರೆದುರು ನನಗಾದ ಅವಮಾನ. ರಿಜಿಸ್ಟರು ತೆರೆದೆ, ಕೆಂಪು ಪೆನ್ನು ತೆಗೆದೆ. ಯಾವ್ಯಾವ ದಿನ ತಂಗಿ ಬಂದಿದ್ದಳು ಹೇಳು ಎಂದೆ. ಅವಳು ಬೆರಳು ಎಣಿಸುತ್ತ ಒಂದೊಂದನ್ನೂ ಹೇಳಿದಳು, ಒಂದು ದಿನವನ್ನೂ ಬಿಡಲಿಲ್ಲ. ಹತ್ತೊಂಬತ್ತು ದಿನ. ಹತ್ತೊಂಬತ್ತು ಕಡೆ ಕೆಂಪಿನಲ್ಲಿ ಗೈರುಹಾಜರಿ ಬರೆದು ಸಹಿ ಹಾಕಿದೆ. ಕೆಲಸವನ್ನು ನೆಟ್ಟಗೆ ಮಾಡಿದೆನೆಂದು ಆ ದಿನ ನನಗೆ ಹೆಮ್ಮೆಯೇ ಇತ್ತು.

ಎರಡು ವಾರಕ್ಕೆ ಹಾಜರಿಯ ಪಟ್ಟಿ ತಯಾರಾಯಿತು. ಮುಕ್ಕಾಲು ಪಾಲು ದಿನ ಬಾರದವರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂಡುವ ಅವಕಾಶವಿಲ್ಲ. ಮಳೆಗಾಲದ ನಾಟಿಯಲ್ಲೇ ಹುಲಿಗೆಮ್ಮ ಬಹಳ ದಿನ ತಪ್ಪಿಸಿದ್ದಳು. ಅದಕ್ಕೆ ನನ್ನ ಹತ್ತೊಂಬತ್ತು ಸೇರಿದ್ದೇ ತಡ, ಅವಳ ಹೆಸರು ಕೊರತೆಯ ಪಟ್ಟಿಗೆ ಹೋಯಿತು. ಅವರ ಮನೆತನದಲ್ಲಿ ಹತ್ತನೆಯ ತರಗತಿಯವರೆಗೆ ಬಂದ ಮೊದಲ ಹುಡುಗಿ ಅವಳು. ಈ ವರ್ಷ ತಪ್ಪಿದರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದೇ?

ಶರಣಪ್ಪ ಸರ್ ಪಟ್ಟಿ ನೋಡಿ ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು.

"ಖರೇನ ಬರ್ದೀರಿ ಅಕ್ಕೋರೆ, ನಾ ತಪ್ಪು ಅನ್ನಂಗಿಲ್ಲ. ಬರಿಯೋಕಿಂತ ಮೊದ್ಲ ಒಮ್ಮಿ ಆ ಹುಡುಗಿ ಮನಿಗೆ ಹೋಗಿ ಬರಬೇಕಿತ್ತು."

"ಮತ್ತ ಸುಳ್ಳು ಹಾಜರಿ ಹಾಕಂತೀರೇನ್ರಿ ಸರ್?" ನನ್ನ ದನಿ ಏರಿತ್ತು.

"ಹಂಗ್ಯಾಕ ಅಂತೀನ್ರಿ. ರಿಜಿಸ್ಟರ್ ತಿದ್ದೂದು ಬ್ಯಾಡ. ಹುಡುಗಿ ಪರೀಕ್ಷೆಗೆ ಕೂಡಬೇಕು. ಎರಡೂ ಹೆಂಗ ಆಕ್ಕಾವೋ ನೀವ ಹುಡುಕ್ರಿ. ಬರ್ದವ್ರು ನೀವ ಹೌದಲ್ರೀ."

ಅಂದೇ ಮಧ್ಯಾಹ್ನ ಗದ್ದೆಗೆ ಹೋದೆ. ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಲು ನನಗೆ ಬರುತ್ತಿರಲಿಲ್ಲ. ಎರಡು ಸಲ ಜಾರಿದೆ, ಗ್ಯಾಂಗಿನ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಹನುಮವ್ವ ಕೆಸರಿನಿಂದ ಎದ್ದು ಬಂದರು. ದುರುಗಮ್ಮ ಬದುವಿನ ಮೇಲೆ ಕುಳಿತು ಸಸಿಯ ಕಟ್ಟು ಬಿಚ್ಚಿ ಕೊಡುತ್ತಿದ್ದಳು. ಕಾಲಿಗೆ ಅರಿಶಿನ ಎಣ್ಣೆ ಹಚ್ಚಿ ಅರಿವೆ ಸುತ್ತಿತ್ತು. ಮುಖ ಅಕ್ಕನ ಹಾಗೆಯೇ, ಆದರೆ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತು. ಹತ್ತೊಂಬತ್ತು ದಿನದಲ್ಲಿ ಒಂದು ಸಲ ತಲೆ ಎತ್ತಿದ್ದರೂ ಅದು ನನಗೆ ಕಾಣಿಸುತ್ತಿತ್ತು.

ವಿಷಯ ಕೇಳಿ ಹನುಮವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. "ತಪ್ಪಾತೇನ್ರಿ ಅಕ್ಕೋರೆ? ನಮ್ಮ ಗ್ಯಾಂಗಿನಾಗ ಹಂಗ ಐತ್ರಿ. ಒಬ್ಬಾಕಿಗೆ ಬರಾಕ ಆಗ್ಲಿಲ್ಲಂದ್ರ ಅದ ಮನ್ಯಾಗಿನ ಇನ್ನೊಬ್ಬಾಕಿ ಬಂದ್ರ ಹಾಜರಿ ಆತು. ಯಾರೂ ಏನೂ ಅನ್ನಂಗಿಲ್ಲ. ಸಾಲಿಗೂ ಅದ ಪದ್ಧತಿ ಅಂದ್ಕೊಂಡ್ವಿ."

ಅವರು ಯಾರಿಗೂ ಮೋಸ ಮಾಡಿರಲಿಲ್ಲ. ತಮ್ಮ ಕೆಲಸದ ನಿಯಮವನ್ನು ನಂಬಿಕೆಯಿಂದ ನಮ್ಮ ಶಾಲೆಗೂ ಹಚ್ಚಿದ್ದರು. ನಾನು ಕೆಂಪು ಪೆನ್ನಿನಿಂದ ಶಿಕ್ಷೆ ಕೊಟ್ಟದ್ದು ಇದಕ್ಕೆ. ಆ ಬದುವಿನ ಮೇಲೆ ನಿಂತು ನಾಚಿಕೆಯಾಯಿತು.

ಕಾರಣ ಸರಿಯಿದ್ದರೆ ಕೊರತೆಯನ್ನು ಮನ್ನಾ ಮಾಡುವ ಅಧಿಕಾರ ಮೇಲಿನ ಕಚೇರಿಗೆ ಇತ್ತು. ಶರಣಪ್ಪ ಸರ್ ಪತ್ರ ಬರೆದುಕೊಟ್ಟರು, ನಾನೇ ಒಯ್ದೆ. ಅಲ್ಲಿ ಹೊರಗೆ ಕುಳಿತವರೊಬ್ಬರು ಓದಿ ನೋಡಿ, "ಇದೆಲ್ಲಾ ಯಾಕ್ರಿ ಮೇಡಂ, ಹುಡುಗಿಗೆ ಕಾಮಣಿ ಆಗಿತ್ತು ಅಂತ ಒಂದು ಸರ್ಟಿಫಿಕೇಟ್ ತರ್ರಿ, ಮುಗೀತು" ಎಂದರು. ಒಂದು ಕ್ಷಣ ನನ್ನ ಮನಸ್ಸು ಅತ್ತ ಹರಿದದ್ದು ನಿಜ. ಆದರೆ ಹತ್ತೊಂಬತ್ತು ಗುರುತಿಗೆ ಅಷ್ಟು ಕುಣಿದವಳು ಈಗ ಇಲ್ಲದ ಕಾಮಾಲೆಯ ಸರ್ಟಿಫಿಕೇಟ್ ಹಿಡಿದು ಬಂದರೆ ಹುಲಿಗೆಮ್ಮನ ಮುಖ ಹೇಗೆ ನೋಡಲಿ? ಅವಳು ಬೆರಳು ಎಣಿಸಿ ಖರೆ ಹೇಳಿದ ಹುಡುಗಿ.

ಮರುದಿನ ದುರುಗಮ್ಮನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಾಲು ನೋಡಿ ಬೈದರು, ಮುಲಾಮು ಕೊಟ್ಟರು, ಇದ್ದದ್ದನ್ನು ಇದ್ದಂತೆ ಚೀಟಿಯಲ್ಲಿ ಬರೆದರು. ಆ ಚೀಟಿಯೊಡನೆ ಹನುಮವ್ವನನ್ನೂ ಕರೆದುಕೊಂಡು ಆ ಕಚೇರಿಯ ಸಾಹೇಬರ ಮುಂದೆ ನಿಂತೆ.

ಅವರು ಎರಡೆರಡು ಸಲ ಓದಿದರು. "ಶಾಲೆಗೆ ಬಾರದವಳು ಅಕ್ಕ. ಕಾಲು ಹುಣ್ಣಾಗಿದ್ದು ತಂಗಿಗೆ. ಇದು ಎಂಥ ಕಾರಣ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಹನುಮವ್ವ ಹೇಳಿದರು: "ಒಂದ ಮನಿ ರೀ ಸಾಹೇಬ್ರ. ಸಣ್ಣಾಕಿ ಕಾಲು ಹುಣ್ಣಾದ್ರ ದೊಡ್ಡಾಕಿ ಕಾಲು ಕೆಸರಾಗ ಇರಬೇಕಾಕ್ಕೈತ್ರಿ."

ಸಾಹೇಬರು ಪತ್ರದ ಮೇಲೆ ಎರಡು ಸಾಲು ಬರೆದು ಸಹಿ ಮಾಡಿದರು. ಹೊರಗೆ ಬಂದು ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ತಿಂದೆವು. ಅಷ್ಟು ಹಸಿವಾಗಿತ್ತೆಂದು ಆಮೇಲೆಯೇ ಗೊತ್ತಾದದ್ದು.

ಪರೀಕ್ಷೆಯವರೆಗೂ ಗ್ಯಾಂಗಿನ ಹುಡುಗಿಯರಿಗೆಂದೇ ಬೆಳಿಗ್ಗೆ ಗದ್ದೆಗೆ ಹೋಗುವ ಮೊದಲು ಒಂದು ತಾಸು ಪಾಠ ಮಾಡಿದೆ. ಇದು ಶರಣಪ್ಪ ಸರ್ ಹೇಳಿದ ಉಪಾಯ. ಗೋಡೆಯ ಮೇಲಿನ ನೀರಿನ ತಾರೀಕು ಯಾಕೆಂದು ಆಗ ತಿಳಿಯಿತು, ಅವರಿಗೆ ಗದ್ದೆಯೇ ಇರಲಿಲ್ಲ, ನೀರು ಬಿಟ್ಟ ಮೇಲೆ ಹುಡುಗಿಯರು ನಾಟಿಗೆ ಹೋಗುವ ದಿನಗಳ ಲೆಕ್ಕ ಇಡುತ್ತಿದ್ದರು. ಮುಂದಿನ ಅಷ್ಟೂ ವರ್ಷ ಎರಡೂ ಬೆಳೆಯ ನಾಟಿಯಲ್ಲಿ ನಾನು ಆ ಪಾಠ ತಪ್ಪಿಸಲಿಲ್ಲ. ಹೊಸಬರಿಗೆ ಹೇಳುವುದು ಇಷ್ಟು: ನೀವು ಹೋದ ಊರಿನ ಹೊಟ್ಟೆಪಾಡು ಯಾವ ತಿಂಗಳು ಯಾರ ಕೈ ಕೇಳುತ್ತದೆ ಎನ್ನುವುದನ್ನು ವೇಳಾಪಟ್ಟಿಗಿಂತ ಮೊದಲು ತಿಳಿದುಕೊಳ್ಳಿ.

ಹಾಲ್ ಟಿಕೆಟ್ ಬಂದ ದಿನ ಅದನ್ನು ನಾನೇ ಅವರ ಮನೆಗೆ ಒಯ್ದೆ. ಶಾಲೆಯಲ್ಲಿಯೇ ಕೊಡಬಹುದಿತ್ತು. ಆದರೆ ಕೆಡಿಸಿದ್ದನ್ನು ಸರಿಪಡಿಸಿದೆನೆಂಬ ಸಂತೋಷವನ್ನು ಅವರ ಮನೆಯಲ್ಲಿ ಕುಳಿತು ಅನುಭವಿಸುವ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಹುಲಿಗೆಮ್ಮ ಎರಡೂ ಕೈಯಲ್ಲಿ ಹಿಡಿದು ತನ್ನ ಫೋಟೋ ನೋಡಿದಳು. ಹನುಮವ್ವ ಚಹಾಕ್ಕೆ ಇಟ್ಟರು. ದುರುಗಮ್ಮ ಹಾಲ್ ಟಿಕೆಟನ್ನು ಮೇಲಿಂದ ಕೆಳಗಿನವರೆಗೆ ಓದಿ ಅಕ್ಕನ ಕೈಗೆ ಕೊಟ್ಟಳು. ನನ್ನ ಮುಂದೆ ಬಂದು ಕುಳಿತಳು.

"ಅಕ್ಕೋರೆ, ಹತ್ತೊಂಬತ್ತು ದಿನ ನಮ್ಮಕ್ಕ ಬಂದಿಲ್ಲಂತ ಬರ್ದೀರಿ. ಅದು ಖರೆ ಐತ್ರಿ. ನಾ ಬಂದದ್ದು ಎಲ್ಲಿ ಬರ್ದೀರಿ?"

"ಎಲ್ಲೂ ಬರ್ದಿಲ್ಲವ್ವ" ಎಂದೆ.

"ಹಂಗಾರ ನಾ ಬಂದಿಲ್ಲೇನ್ರಿ?"

ಅವಳು ಜಗಳಕ್ಕೆ ಕೇಳಲಿಲ್ಲ, ಲೆಕ್ಕ ಕೇಳುವಂತೆ ಕೇಳಿದಳು. ಅವಳು ಹೇಳುವುದು ಸರಿಯಿತ್ತು. ಆ ಹತ್ತೊಂಬತ್ತು ದಿನ ನನ್ನ ಎದುರು ಕುಳಿತು, ಹುಣ್ಣಾದ ಕಾಲು ಮಡಚಿಕೊಂಡು, ತರಗತಿಯಲ್ಲಿ ಯಾರಿಗೂ ಬಾರದ ಲೆಕ್ಕ ಬಿಡಿಸಿದವಳು ಅವಳು. ಅವಳ ಕಾಲಿನ ಹುಣ್ಣು ಕೂಡ ಸರ್ಕಾರಿ ಪತ್ರದಲ್ಲಿ ದಾಖಲಾಗಿತ್ತು. ಅವಳು ಬಂದದ್ದು ಎಲ್ಲಿಯೂ ಇರಲಿಲ್ಲ. ಅಕ್ಕನಿಗಾಗಿ ಅಷ್ಟು ಓಡಾಡಿದ ನನಗೆ ತಂಗಿಯನ್ನು ಯಾಕೆ ಶಾಲೆಗೆ ಸೇರಿಸಿಲ್ಲ ಎಂದು ಕೇಳಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ, ಅವಳ ಹೆಸರು ನನ್ನ ರಿಜಿಸ್ಟರಿನಲ್ಲಿ ಇಲ್ಲದ್ದಕ್ಕೆ.

ಹುಲಿಗೆಮ್ಮ ಪಾಸಾದಳು, ಗಣಿತದಲ್ಲಿ ಕೂದಲೆಳೆಯಲ್ಲಿ. ಜೂನ್‌ನಲ್ಲಿ ನಾನು ಮತ್ತೆ ಆ ಮನೆಗೆ ಹೋಗಿ ದುರುಗಮ್ಮನನ್ನು ಎಂಟನೆಯ ತರಗತಿಗೆ ಕೇಳಿದೆ. ಹನುಮವ್ವ, "ಗ್ಯಾಂಗಿಗೆ ಒಂದಾಳು ಕಡಿಮಿ ಆಕ್ಕೈತಲ್ರಿ" ಎಂದರು. ಒಲೆಯ ಮುಂದೆ ಕುಳಿತಿದ್ದ ಹುಲಿಗೆಮ್ಮ ತಿರುಗಿ ನೋಡದೆಯೇ, "ಆಕಿ ಬದಲಿ ನಾ ಹೊಕ್ಕೀನಿ, ಎವ್ವಾ. ಕಾಲೇಜು ಒಂದು ವರ್ಷ ತಡಾ ಆದ್ರ ಏನಾತು" ಎಂದಳು. ಹಾಗೆಯೇ ಮಾಡಿದಳು, ಮರುವರ್ಷ ಸಿಂಧನೂರಿನಲ್ಲಿ ಪಿಯುಸಿಗೆ ಸೇರಿದಳು.

ಎಂಟನೆಯ ತರಗತಿಯನ್ನು ಶರಣಪ್ಪ ಸರ್ ಹತ್ತಿರ ಕೇಳಿ ತೆಗೆದುಕೊಂಡೆ. ಮೊದಲ ದಿನ ನಂಬರು ಬಿಟ್ಟು ಹೆಸರು ಕರೆದೆ, ಒಂದೊಂದು ಹೆಸರಿಗೂ ತಲೆ ಎತ್ತಿದೆ. ದುರುಗಮ್ಮ ಎಲ್ಲರಿಗಿಂತ ಎತ್ತರ, ಕೊನೆಯ ಸಾಲಿನಲ್ಲಿದ್ದಳು. ಹೆಸರು ಕರೆದಾಗ ಎದ್ದು "ಹಾಜರ್ ರೀ" ಎಂದಳು. ಆದರೆ ಕೂರಲಿಲ್ಲ. ಸಣ್ಣ ಸಣ್ಣ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ನನ್ನ ಮೇಜಿನ ತನಕ ಬಂದಳು.

"ಬರ್ದೀರೇನ್ರಿ?"

ನಾನು ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಬೆರಳಿಟ್ಟು ತನ್ನ ಹೆಸರು ಹುಡುಕಿದಳು, ಅದರ ಮುಂದಿನ ಗುರುತನ್ನು ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕುಳಿತಳು. ನಾನು ಮುಂದಿನ ಹೆಸರು ಕರೆದು ತಲೆ ಎತ್ತಿದೆ.